ಬಟ್ಟೆಗೆ ಸಿಗದ ತಂತಿ

ನಾಲ್ಕನೇ ಸೆಮಿಸ್ಟರಿನ ಲೆಕ್ಕಗಳಿಗೆಲ್ಲ
ಪುಸ್ತಕದ ಕೊನೆಯಲ್ಲಿ ಉತ್ತರವಿತ್ತು.
ಹಗ್ಗಕ್ಕೆ ತೂಕವಿರಲಿಲ್ಲ, ತುಕ್ಕಿರಲಿಲ್ಲ,
ಎರಡು ಬಿಂದುಗಳ ನಡುವಿನ ಗೆರೆ, ಅಷ್ಟೆ.
ಐದನೆಯದಕ್ಕೆ ಅವರನ್ನು
ಮ್ಯಾಂಗನೀಸ್ ಗಣಿಯ ಊರಿಗೆ ಕರೆದೊಯ್ದೆ,
ಕುಟಾಯಿಸಿಯಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ,
ಕಣಿವೆಯ ಮೇಲೆ ತೂಗುಬಂಡಿಗಳು ಹೋಗಿಬರುವಲ್ಲಿಗೆ.

"ಪಠ್ಯಕ್ರಮದಲ್ಲಿ ಇದು ಎಲ್ಲಿದೆ?" ಎಂದ ತೋರ್ನಿಕೆ.
ಇರಲಿಲ್ಲ. ಸಭೆಯಲ್ಲಿ ಡೀನ್ ಕೇಳಿದ್ದೂ ಅದನ್ನೇ.

ಕೆಳಗಿನ ನಿಲ್ದಾಣದಲ್ಲಿ ಲಮ್ಜೀರಾ,
ಮೂವತ್ತೊಂದು ವರ್ಷ ಹಗ್ಗ ನೋಡಿದವಳು,
ನೋಡಿದವಳು ಅಂದರೆ ಮುಟ್ಟಿದವಳು.
ದಿಂಬಿನ ಚೀಲ ಹರಿದು ಮಾಡಿದ ಬಟ್ಟೆಯನ್ನು
ಹಗ್ಗದ ಸುತ್ತ ಸಡಿಲ ಹಿಡಿದು ನಿಲ್ಲುತ್ತಾಳೆ;
ಹಗ್ಗ ಆಮೆಯಂತೆ ಸರಿಯುತ್ತದೆ,
ನೂಲು ಎಲ್ಲಿ ಸಿಕ್ಕಿಕೊಂಡಿತೋ
ಅಲ್ಲೊಂದು ತಂತಿ ಮುರಿದಿದೆ.
ಸೀಮೆಸುಣ್ಣದ ಗುರುತು. ಬಾಯಲ್ಲಿ ಎಣಿಕೆ. ಮುಂದೆ.

ನಮ್ಮದು ಅಯಸ್ಕಾಂತ, ಸುರುಳಿ, ಲ್ಯಾಪ್‌ಟಾಪು,
ಹಗ್ಗಕ್ಕೊತ್ತಿ ಉರುಳುವ ರಬ್ಬರಿನ ಗಾಲಿ.
ಮೊದಲ ದಿನವೇ ಪರದೆಯ ತುಂಬ ಮುಳ್ಳು,
ಇಪ್ಪತ್ತೆಂಟು ಸೆಂಟಿಮೀಟರಿಗೊಂದು!
ತಮ್ತಾಳ ಕಣ್ಣಲ್ಲಿ ಆಗಲೇ ಪ್ರಬಂಧದ ಶೀರ್ಷಿಕೆ.
ಲಮ್ಜೀರಾ ಬಟ್ಟೆಯಿಂದ ಒಂದೆಳೆ ದಾರ ಎಳೆದಳು,
ಗಾಲಿಗೆ ಸುತ್ತಿದಳು, ಬಿಚ್ಚಿದಳು,
ಸ್ಕೇಲಿನ ಮೇಲೆ ಮಲಗಿಸಿದಳು.
ಇಪ್ಪತ್ತೆಂಟು.
"ಕುಂಟುತ್ತಿರುವುದು ಹಗ್ಗವಲ್ಲ ಮಗಳೇ,
ನಿನ್ನ ಕುದುರೆ."

ಮೂರು ವಾರ ಗಾಲಿ ತಿದ್ದಿದೆವು.
'ಇಂದು ಏನೂ ತಿಳಿಯಲಿಲ್ಲ' ಎಂದು
ತೋರ್ನಿಕೆ ದಿನಚರಿಯಲ್ಲಿ ಎರಡು ಸಲ ಬರೆದ,
ಮೂರನೇ ಸಲ 'ಮೇಲಿನಂತೆ'.
ನಾನು ಅದಕ್ಕೂ ಸಹಿ ಹಾಕಿದೆ.

ಮುಳ್ಳೆಲ್ಲ ಉದುರಿದ ಪರದೆಯಲ್ಲಿ
ಒಂದೇ ಒಂದು ಉಳಿಯಿತು,
ನೂರ ನಲವತ್ತಮೂರನೇ ಮೀಟರಿನಲ್ಲಿ.
ಆರು ಸಲ ಓಡಿಸಿದೆವು. ಆರು ಸಲವೂ ಅಲ್ಲೇ.
ಲಮ್ಜೀರಾಳ ಬಟ್ಟೆ ಅದರ ಮೇಲೆ
ಬೆಣ್ಣೆಯಂತೆ ಜಾರಿತು.
"ಒಳಗಿದ್ದರೆ ನನಗೆ ಗೊತ್ತಾಗದು" ಎಂದಳು,
ಹೇಳಿ ಅಭ್ಯಾಸವಿಲ್ಲದ ಮಾತು,
ಎರಡು ಸಲ ಕೆಮ್ಮಿದಳು.

ಈಗ ಲೆಕ್ಕ ಬೇರೆ.
ವರದಿಯಲ್ಲಿ ಬರೆದರೆ ಬಂಡಿ ನಿಲ್ಲುತ್ತದೆ;
ಮೇಲಿನ ಬಡಾವಣೆಗೆ ಐನೂರ ಹನ್ನೆರಡು ಮೆಟ್ಟಿಲು,
ನವೆಂಬರು, ಮಂಜು ಕಚ್ಚಿದ ಕಂಬಿ,
ಆಲೂಗಡ್ಡೆ ಚೀಲ, ಕಂಕುಳಲ್ಲಿ ಕೂಸು.
ಬರೆಯದಿದ್ದರೆ
ಎರಡು ಹಾಳೆಗಳ ನಡುವೆ ಆ ಮುಳ್ಳು ಮಲಗಿರುತ್ತದೆ.
"ಎಷ್ಟು ಖಚಿತ?" ಕೇಳಿದೆ.
"ನೂರಕ್ಕೆ ಅರವತ್ತು" ಎಂದಳು ತಮ್ತಾ,
ದನಿ ನಲವತ್ತರಷ್ಟಿತ್ತು.
ಪೆನ್ನು ನನ್ನ ಜೇಬಿನಲ್ಲಿತ್ತು. ತೆಗೆಯಲಿಲ್ಲ.
ಅದೇ ನಾನು ಆ ವರ್ಷ ಮಾಡಿದ ಕಷ್ಟದ ಪಾಠ.

ಲಮ್ಜೀರಾಳ ಮನೆ ಮೇಲೆಯೇ.
ಬಟ್ಟೆ ಮಡಚುತ್ತ ಅವಳೇ ಅಂದಳು:
"ಬರೆ. ಮಂಡಿ ನನ್ನದು, ನೋವೂ ನನ್ನದು.
ಕಂಡದ್ದು ನಿನ್ನದು."

ಹದಿನೇಳು ದಿನ ಊರು ಮೆಟ್ಟಿಲು ಹತ್ತಿತು.
"ನಿಮ್ಮ ಪರೀಕ್ಷೆಗೆ ನಮ್ಮ ಏದುಸಿರೇ?"
ಎಂದೊಬ್ಬ ಮುದುಕ ತೋರ್ನಿಕೆಯನ್ನು ಬೈದ.
ಅವನ ಹಿಟ್ಟಿನ ಮೂಟೆ ಹೊತ್ತು ಮೇಲಿನವರೆಗೂ ಹೋಗಿ
ಬಂದು ಕೇಳಿದ ಹುಡುಗ:
"ಇದನ್ನು ಯಾವ ಅಧ್ಯಾಯದಲ್ಲಿ ಸೇರಿಸಲಿ?"

ಆ ಭಾಗ ಕತ್ತರಿಸಿ ತೆಗೆದರು,
ಜಡೆ ಬಿಚ್ಚುವ ಹಾಗೆ ಎಳೆ ಎಳೆ ಬಿಚ್ಚಿದರು.
ಕಂದು ಹುಡಿ ಉದುರಿತು.
ಒಳಗೆ ಎರಡು ತಂತಿ ಮುರಿದಿದ್ದವು.
ಆರರವರೆಗೆ ನಡೆಯುತ್ತದೆ ಎನ್ನುತ್ತದೆ ಅಲ್ಲಿನ ನಿಯಮ.
ಬಂಡಿ ನಿಲ್ಲಿಸಬೇಕಾಗಿರಲಿಲ್ಲ.
ಯಂತ್ರ ಹೇಳಿದ್ದು ನಿಜ.
ಎರಡೂ ವಾಕ್ಯ ತಮ್ತಾ ಬರೆದಳು, ಒಂದರ ಕೆಳಗೊಂದು,
ನಡುವೆ 'ಆದರೆ' ಹಾಕದೆ.

ಅಂಕಪಟ್ಟಿಯಲ್ಲಿ ವಿನ್ಯಾಸಕ್ಕೆ ಇಪ್ಪತ್ತು, ವಿಶ್ಲೇಷಣೆಗೆ ಮೂವತ್ತು,
ಕೊಟ್ಟೆ ಏನೋ ಒಂದಿಷ್ಟು, ಈಗ ನೆನಪಿಲ್ಲ.
ಗೇಣುದ್ದದ ಆ ತುಂಡು ನನ್ನ ಮೇಜಿನ ಮೇಲಿದೆ,
ಕಾಗದ ಹಾರದಂತೆ.
ಕಳೆದ ವಾರ ಲಮ್ಜೀರಾ ಫೋನು ಮಾಡಿದ್ದಳು:
ಹೆಣೆದ ಹಗ್ಗ ಚೆನ್ನಾಗಿದೆ,
ಬಟ್ಟೆಗೆ ಏನೂ ಸಿಗುತ್ತಿಲ್ಲ,
ಅದಕ್ಕೇ ನಿದ್ದೆ ಬರುತ್ತಿಲ್ಲ,
ನಿಮ್ಮ ಕುಂಟು ಕುದುರೆಯನ್ನು
ಯಾವಾಗ ಕರೆತರುತ್ತೀರಿ?